ಬಾಲ ಕಳೆದುಕೊಂಡ ಗುಂಡುಗಳು

ಅಪ್ಪನ ಕಣ್ಣು ಹೋಗಿದೆ ಎಂದು ಅವ್ವ ತೀರ್ಮಾನಿಸಿದ್ದು ತಳಕಿನ ಬಸ್ ನಿಲ್ದಾಣದಲ್ಲಿ. ಅಲ್ಲಿ ಅಪ್ಪ ಯಾರೋ ಅಪರಿಚಿತನನ್ನು ಬೀಗರೆಂದು ತಿಳಿದು ಕೈಹಿಡಿದು ಕೂರಿಸಿಕೊಂಡು, ಮಳೆ, ಕುರಿ, ಬಾಣಂತನ ಎಲ್ಲ ವಿಚಾರಿಸಿ, ಟೀ ಕುಡಿಸಿ ಬಸ್ ಹತ್ತಿಸಿದ್ದ. ಆ ಪುಣ್ಯಾತ್ಮನೂ ಎಲ್ಲದಕ್ಕೂ ಹೂಂಗುಟ್ಟಿ, ಜೊತೆಗೊಂದು ಬನ್ನು ತಿಂದು ಹೋದ.

"ಎದುರಿಗೆ ಕುಂತಿರೋ ಮನುಷ್ಯ ಯಾರಂತ ಗೊತ್ತಾಗಲ್ಲ, ಇವರಿಗೆ ತುಪಾಕಿ ಬೇರೆ ಕೇಡು" ಎಂದಳು ಅವ್ವ.

ತುಪಾಕಿ ತಾತನ ಕಾಲದ್ದು. ನಳಿಗೆಯ ಬಾಯಿಂದ ಮದ್ದು ಗುಂಡು ತುಂಬುವಂಥದ್ದು. ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಬೆಳೆ ರಕ್ಷಣೆಯ ಲೈಸೆನ್ಸ್ ಇತ್ತು. ಬೆದರಿಸಲು ಸದ್ದು ಸಾಕು, ಆದರೆ ಗುರಿ ಇಲ್ಲದ ತುಪಾಕಿ ಒಲೆ ಊದುವ ಕೊಳವೆ ಎನ್ನುವುದು ಅಪ್ಪನ ವಾದ. ಕೊಂಡ್ಲಹಳ್ಳಿಯ ಸುತ್ತ ನಮ್ಮನ್ನು ಗುರುತಿಸುತ್ತಿದ್ದದ್ದೇ ತುಪಾಕಿ ಮನೆಯವರು ಎಂದು. ಲೈಸೆನ್ಸ್ ನವೀಕರಣ ಹತ್ತಿರ ಬಂದಿತ್ತು. ತುಪಾಕಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿಬಿಡಿ ಎಂದು ಅವ್ವ ಹಟ ಹಿಡಿದಳು.

"ಮೂರು ಗುಂಡು ಹೊಡೀತೀನಿ. ರೊಟ್ಟಿ ಅಗಲದ ಬೊಟ್ಟಿಗೆ ಒಂದಾದ್ರೂ ಬೀಳ್ದಿದ್ರೆ ನಾನೇ ಹೋಗಿ ಕೊಟ್ಟು ಬರ್ತೀನಿ" ಎಂದ ಅಪ್ಪ.

ತುಪಾಕಿ ಇಲ್ಲದ ಅಪ್ಪನನ್ನು ನೆನೆಸಿಕೊಳ್ಳಲೂ ನನಗಾಗುತ್ತಿರಲಿಲ್ಲ. ಹಾಗಾಗಿ ಗುಂಡುಗಳ ಜವಾಬ್ದಾರಿ ನನ್ನದು ಎಂದೆ. ನಾನು ಚಳ್ಳಕೆರೆಯಲ್ಲಿ ಲೇತ್ ಕೆಲಸದವನು. ಎಣ್ಣೆ ಮಿಲ್ಲಿನ ಶಾಫ್ಟನ್ನು ಕೂದಲೆಳೆ ಆಚೀಚೆ ಆಗದಂತೆ ಕಡೆಯುತ್ತೇನೆ, ಆಚೀಚೆ ಆದರೆ ಮೈ ಉರಿಯುತ್ತದೆ. ಅಪ್ಪ ಮನೆಯಲ್ಲೇ ಎರಕ ಹೊಯ್ಯುತ್ತಿದ್ದ ಸೀಸದ ಗುಂಡುಗಳನ್ನು ನೋಡಿದಾಗಲೂ ಹಾಗೇ ಆಯಿತು. ಅಚ್ಚಿನ ಬಾಯಲ್ಲಿ ಉಳಿದ ಸೀಸ ಪ್ರತಿ ಗುಂಡಿಗೂ ಒಂದು ಬಾಲವಾಗಿ ಅಂಟಿಕೊಂಡಿತ್ತು, ಅವಸರಕ್ಕೆ ಎಣ್ಣೆಗೆ ಬಿಟ್ಟ ಬೋಂಡದ ಹಾಗೆ. ಬೋಂಡ ತುರುಕಿದರೆ ಗುರಿ ಎಲ್ಲಿಂದ ಬರಬೇಕು?

ಗುಜರಿಯಿಂದ ಒಳ್ಳೆಯ ಸೀಸ ತಂದೆ. ತಣ್ಣಗಿನ ಅಚ್ಚಿಗೆ ಹೊಯ್ದರೆ ಗುಂಡು ಸುಕ್ಕುಗಟ್ಟುತ್ತದೆಂದು ಅಚ್ಚನ್ನು ಮೊದಲೇ ಬಿಸಿ ಮಾಡಿ ನಲವತ್ತು ಗುಂಡು ಹೊಯ್ದೆ. ಒಳಗೆ ಗಾಳಿ ಸೇರಿ ಹಗುರಾದವನ್ನು ಹುಡುಕಲು ಮೊಳಕಾಲ್ಮೂರಿನ ಅಕ್ಕಸಾಲಿಗರ ತಕ್ಕಡಿಗೆ ಹೋದೆ. ನಾನು ಪೊಟ್ಟಣ ಬಿಚ್ಚುವ ಮೊದಲೇ ಅವರು "ಮದುವೆ ಯಾರ್ದು?" ಎಂದು ಕೇಳಿದರು. ಸೀಸ ಕಂಡ ಮೇಲೆ ತಕ್ಕಡಿಯನ್ನು ನನ್ನತ್ತ ತಳ್ಳಿದರು. ನಲವತ್ತರಲ್ಲಿ ಒಂಬತ್ತು ಪಾಸಾದವು. ಅವುಗಳ ಬಾಲವನ್ನು ಅರದಿಂದ ಉಜ್ಜಿ ತೆಗೆದೆ. ಗೋಲಿಯಷ್ಟು ನುಣ್ಣಗಾದವು, ಬೀಗುತ್ತಾ ಜೇಬಿಗೆ ಹಾಕಿಕೊಂಡೆ.

ಹೊಲದ ಎತ್ತರದ ಮಣ್ಣಿನ ಒಡ್ಡಿಗೆ ತಗಡು ಒರಗಿಸಿ, ನಡುವೆ ಅವ್ವನೇ ಸುಣ್ಣದ ಬೊಟ್ಟು ಇಟ್ಟಳು. ಅಪ್ಪ ಮದ್ದಿಗೆ ಕೈಹಾಕಿದಾಗ ನಾನು ತಡೆದೆ.

"ನೀ ಕುಂತ್ಕೋ ಅಪ್ಪಾ, ನಾ ತುಂಬ್ತೀನಿ."

"ಬಾಲ ನೋಡ್ಕಂಡು ಹಾಕು."

"ಬಾಲದ ಚಿಂತೆ ಬಿಡು" ಎಂದೆ ಜಂಬದಿಂದ.

ನಾನು ತುಂಬಿ ಕೊಟ್ಟಂತೆ ಅಪ್ಪ ಮೂರೂ ಗುಂಡು ಹೊಡೆದ. ಹೊಗೆ ಕರಗಿದ ಮೇಲೆ ಹೋಗಿ ನೋಡಿದರೆ ಸುಣ್ಣದ ಬೊಟ್ಟು ಹಾಗೇ ಇತ್ತು, ಅದರಲ್ಲಿ ಒಂದು ತೂತೂ ಇಲ್ಲ. ಅಪ್ಪನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವ್ವ ಗೆದ್ದರೂ ಸೆರಗು ಹಿಂಡುತ್ತಾ ನಿಂತಳು.

ಆಗ ಕಂಡಿತು. ಬೊಟ್ಟಿನಿಂದ ಸರಿಯಾಗಿ ಒಂದು ಗೇಣು ಎಡಕ್ಕೆ ಮೂರು ತೂತು, ಒಂದಕ್ಕೊಂದು ತಾಗಿಕೊಂಡಂತೆ.

ಅಪ್ಪ ಅವುಗಳೊಳಗೆ ಬೆರಳು ಇಟ್ಟು ನೋಡಿದ. "ಬಾಲ ಏನ್ ಮಾಡ್ದೆ?"

"ಉಜ್ಜಿ ತೆಗ್ದೆ."

ಅಪ್ಪ ಒಡ್ಡಿಗೆ ಒರಗಿ ಕೂತು ಹೇಳಿದ. ಬಾಲವನ್ನು ಬಲಕ್ಕೆ ಮಾಡಿ ತುಂಬಿದರೆ ಈ ತುಪಾಕಿಯಲ್ಲಿ ಗುಂಡು ಒಂದು ಗೇಣು ಬಲಕ್ಕೆ ವಾಲುತ್ತದಂತೆ. ಅದಕ್ಕೇ ಒಂದು ಗೇಣು ಎಡಕ್ಕೆ ಗುರಿ ಹಿಡಿಯಬೇಕು. ತಾತ ಕಲಿಸಿದ್ದು, ಅಪ್ಪ ಕಲಿತದ್ದು. ಎರಡು ತಲೆಮಾರು ಹಂದಿಯನ್ನು ಬಿಟ್ಟು ಅದರ ಪಕ್ಕಕ್ಕೆ ಗುರಿಯಿಡುತ್ತಾ ಊರಿನಲ್ಲಿ ಹೆಸರು ಮಾಡಿತ್ತು. ನಾನು ಒಂದು ಭಾನುವಾರದಲ್ಲಿ ಅದನ್ನು ಸರಿಪಡಿಸಿದ್ದೆ.

ಅವ್ವ ಅಂಗೈ ಇಟ್ಟು ಮೂರೂ ತೂತುಗಳನ್ನು ಮುಚ್ಚಿ ನೋಡಿದಳು. "ಕಣ್ಣು ಐತೆ ಬಿಡಿ. ಮತ್ತೆ ತಳಕಿನಾಗೆ ಏನಾಗಿತ್ತು?"

"ಹತ್ತಿರದ್ದು ಮಬ್ಬು ಕಣೇ. ದೂರದ್ದು ಚೆನ್ನಾಗಿ ಕಾಣ್ತೈತೆ."

"ಹಂಗಾದ್ರೆ ಬೀಗರನ್ನ ದೂರದಿಂದಲೇ ಮಾತಾಡ್ಸಿ" ಎಂದು ಹೇಳಿ, ಲೈಸೆನ್ಸ್ ಮುಂದುವರಿಸಲು ಒಪ್ಪಿ, ಅವ್ವ ಮನೆ ಕಡೆ ನಡೆದಳು.

ನಾನು ತಗಡು ಹೊತ್ತು ಅಪ್ಪನ ಜೊತೆ ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಅಪ್ಪ ಕೇಳಿದ: "ನನ್ನ ಕಣ್ಣಿನ ಮ್ಯಾಲೆ ನಿಂಗೂ ನಂಬ್ಕೆ ಇರ್ಲಿಲ್ಲ, ಅಲ್ವಾ?"

ಸೀಸದ ತೂಕ, ಅಚ್ಚಿನ ಬಿಸಿ ಎಂದು ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು. ಆದರೆ ಕಣ್ಣು ಸರಿಯಿದೆ ಎಂದು ನಂಬಿದ್ದರೆ ನಾನು ಆ ಗುಂಡುಗಳನ್ನು ಮುಟ್ಟುತ್ತಲೇ ಇರಲಿಲ್ಲ. ನಾಚಿಕೆಯಾಯಿತು.

"ಇರ್ಲಿಲ್ಲ ಅಪ್ಪಾ" ಎಂದೆ.

ಅಪ್ಪ ನನ್ನ ಜೇಬಿಗೆ ಕೈಹಾಕಿ ಉಳಿದ ಆರು ಗುಂಡು ತೆಗೆದು, ನನ್ನ ಅಂಗೈಯಲ್ಲೇ ಇಟ್ಟು ಮುಚ್ಚಿದ.

"ಮತ್ತೆ ಕಾಯ್ಸಿ ಹುಯ್ಯಿ. ಬಾಲ ಇರ್ಲಿ. ಇನ್ನು ನೆಟ್ಟಗೆ ನೋಡೋದು ಕಲಿಯೋ ವಯಸ್ಸಲ್ಲಪ್ಪ ನಂದು."