ನೀಲಿ ಸಿಲಿಂಡರ್, ಕೆಂಪು ಸಿಲಿಂಡರ್

ಇಂಗ್ಲಿಷರ ದೇಶದ ಹಡರ್ಸ್‌ಫೀಲ್ಡಿನ ಮನೆಗೆ ಬಂದ ಮೊದಲ ದಿನ ನಾನು ಅಡುಗೆಕಟ್ಟೆಯ ಕೆಳಗೆ ಬಗ್ಗಿ ಹುಡುಕಿದ್ದು ಗ್ಯಾಸ್ ಸಿಲಿಂಡರನ್ನು. ಅದು ಅಲ್ಲಿರಲಿಲ್ಲ, ಒಲೆ ಮಾತ್ರ ಉರಿಯುತ್ತಿತ್ತು. ನಲ್ಲಿಯಲ್ಲಿ ನೀರು ಬರುವ ಹಾಗೆ ಇಲ್ಲಿ ಮನೆಮನೆಗೂ ಪೈಪಿನಲ್ಲಿ ಗ್ಯಾಸ್ ಬರುತ್ತದೆ ಎಂದು ನನ್ನ ಗಂಡ ಹೇಳಿದರೂ ನಂಬಲಿಕ್ಕೆ ಎರಡು ದಿನ ಹಿಡಿಯಿತು. ಹುಬ್ಬಳ್ಳಿಯಲ್ಲಿ ಕನೆಕ್ಷನ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು ನಾವು.

ಅಲ್ಲಿ ನನ್ನ ದೊಡ್ಡವ್ವನದೊಂದು ಖಾನಾವಳಿ ಇದೆ. ಡಿಪ್ಲೊಮಾ ಮುಗಿಸಿದ ಮೇಲೆ ಮದುವೆಯಾಗುವ ತನಕ ಅಲ್ಲಿನ ಒಲೆಗಳ ಉಸಾಬರಿಯೆಲ್ಲ ನನ್ನದೇ. ಇಲ್ಲಿ ಬಂದು ಎಂಟು ತಿಂಗಳಾದರೂ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. 'ಆರ್ ಯೂ ಆಲ್‌ರೈಟ್?' ಎಂದು ಎಲ್ಲರೂ ಕೇಳುತ್ತಿದ್ದರು, ನಿಜ. ಅದಕ್ಕೆ ಉತ್ತರ ಬೇಕಿಲ್ಲವೆಂದು ತಿಳಿಯುವ ಮೊದಲು ಪೋಸ್ಟ್‌ಮ್ಯಾನ್‌ಗೆ ನನ್ನ ಮೊಣಕಾಲು ನೋವಿನ ವಿವರವನ್ನೆಲ್ಲ ಕೊಟ್ಟಿದ್ದೇನೆ. ಕೆಲಸಕ್ಕೆ ಹಾಕಿದ ಅರ್ಜಿಗಳಿಗೂ ಉತ್ತರವಿಲ್ಲ. "ಯುಗಾದಿ ತನಕ ನೋಡ್ತೀನಿ. ಆಮೇಲೆ ನಾನು ದೊಡ್ಡವ್ವನ ಖಾನಾವಳಿಗೇ ಹೋಗ್ತೀನಿ, ನೀವು ಇಲ್ಲೇ ಸ್ಯಾಂಡ್‌ವಿಚ್ ತಿನ್ಕೊಂಡಿರಿ," ಎಂದು ಗಂಡನಿಗೆ ಗಡುವು ಕೊಟ್ಟಿದ್ದೆ. ತಮಾಷೆಯ ಧಾಟಿಯಲ್ಲಿ ಹೇಳಿದ್ದೆ, ಆದರೆ ಅದು ತಮಾಷೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆಗ ಪಕ್ಕದ ಮನೆಯ ಕೆನ್ ಹಿತ್ತಲ ಗೋಡೆಯ ಮೇಲಿಂದ ತಲೆ ಹಾಕಿದ. ಬಸ್ ಓಡಿಸಿ ನಿವೃತ್ತನಾದವನು. ಮೂವತ್ತು ವರ್ಷದಿಂದ ಕುಡಿಯುವ ಬೀರನ್ನು ಮನೆಯಲ್ಲೇ ಕಾಯಿಸುತ್ತಿದ್ದ. ಆ ಹಬೆಗೆ ಅಡುಗೆಮನೆಯ ವಾಲ್‌ಪೇಪರ್ ಕಿತ್ತುಬಂದು, ಹೆಂಡತಿ ಮೋರೀನ್ ಅವನನ್ನು ಪಾತ್ರೆಯ ಸಮೇತ ಹಿತ್ತಲಿಗೆ ಅಟ್ಟಿದ್ದಳು. ಮಾರ್ಚ್ ಕೊನೆಗೆ ಅವಳ ಅರವತ್ತನೆಯ ಹುಟ್ಟುಹಬ್ಬ. ನಲವತ್ತು ಜನಕ್ಕೆ ತನ್ನದೇ ಬೀರು ಕೊಡುವುದಾಗಿ ಇವನು ಊರೆಲ್ಲ ಹೇಳಿಕೊಂಡು ಬಂದಿದ್ದ.

"ನಿಮ್ಮ ಕಡೆ ಮದುವೆ ಅಡುಗೆ ಬಯಲಲ್ಲೇ ಮಾಡ್ತಾರಂತಲ್ಲ. ಸಿಲಿಂಡರ್ ಒಲೆ ನಿನಗೆ ಗೊತ್ತಾ, ಲವ್?"

ಈ ಕಡೆ ಅಂಗಡಿಯವರು, ಬಸ್ಸಿನವರು ಎಲ್ಲರೂ ಎಲ್ಲರಿಗೂ 'ಲವ್' ಅನ್ನುತ್ತಾರೆ, ನಮ್ಮಲ್ಲಿ 'ಅಕ್ಕಾರ' ಅಂದಷ್ಟೇ ಸಲೀಸಾಗಿ. ಬೀರಿನ ಹೆಸರೆತ್ತಿದರೆ ಬಾಯಿ ತೊಳೆಯಬೇಕೆನ್ನುವ ಮನೆಯವಳು ನಾನು. ಆದರೆ ಕೆನ್ ನನ್ನನ್ನು ಕೇಳಿದ್ದು ಬೀರಿನ ಬಗ್ಗೆ ಅಲ್ಲ, ಒಲೆಯ ಬಗ್ಗೆ. "ಗೊತ್ತು," ಎಂದೆ. ಎಂಟು ತಿಂಗಳಲ್ಲಿ ಮೊದಲ ಸಲ ಈ ದೇಶದಲ್ಲಿ ಆ ಮಾತು ಹೇಳಿದ್ದೆ.

ಅಂಗಡಿಗೆ ಹೋಗಿ ಬರ್ನರ್ ಆರಿಸಿದೆವು. ಐವತ್ತು ಲೀಟರಿನ ಪಾತ್ರೆಗೆ ಒಂದೇ ಸುತ್ತು ಉರಿಯುವ ಬರ್ನರ್ ಸಾಲದು ಎಂದು ಹಟ ಹಿಡಿದು ಮೂರು ಸುತ್ತಿನದನ್ನೇ ತೆಗೆಸಿದೆ. ಒಲೆಯ ಕಾಲುಗಳು ಅಗಲಕ್ಕೆ ಇರಬೇಕು, ಗಾಳಿಗೆ ಮೂರು ಕಡೆ ತಗಡು ಮರೆ ಬೇಕು ಎಂದೆ. ಕೆನ್ ಎಲ್ಲದಕ್ಕೂ ತಲೆಯಾಡಿಸಿದ. ಸಿಲಿಂಡರಿನಲ್ಲಿ ಎರಡು ಬಗೆ ಇದ್ದವು: ನೀಲಿಯದು ಬ್ಯೂಟೇನ್, ಕೆಂಪಿನದು ಪ್ರೊಪೇನ್. ನೀಲಿಯದರ ರೆಗ್ಯುಲೇಟರ್ ನಮ್ಮೂರಿನದರ ಹಾಗೆಯೇ ಒತ್ತಿದರೆ ಟಕ್ ಎಂದು ಕೂರುತ್ತಿತ್ತು. ಅದನ್ನು ಕಂಡು ತವರಿನವರು ಸಿಕ್ಕಷ್ಟು ಹಿಗ್ಗಾಗಿ, ಚೀಟಿ ಓದುವ ಗೋಜಿಗೂ ಹೋಗದೆ ನೀಲಿಗೇ ಕೈ ತೋರಿಸಿದೆ.

ಮಾರ್ಚ್ ಮೊದಲ ಶನಿವಾರ ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಒಲೆ ಹತ್ತಿತು, ಉರಿ ನೀಲಿಯಾಗಿ ಎದ್ದಿತು. ಮೊಳಕೆ ಬಾರ್ಲಿ ನೆನೆಸಿ ಬಸಿದ ರಸವನ್ನು ಪಾತ್ರೆಗೆ ಸುರಿದು ಕೆನ್ ಒಂದು ಚಮಚ ರುಚಿಗೆ ಕೊಟ್ಟ. ಇನ್ನೂ ಬೀರಾಗದ ಅದು ಮಾಲ್ಟ್ ಹಾಕಿದ ಹಾಲಿನಂತೆ ಸಿಹಿಯಾಗಿತ್ತು. ಅದು ಗಂಟೆಹೊತ್ತು ಕೊತಕೊತ ಕುದಿಯಬೇಕು, ಕುದಿಯದಿದ್ದರೆ ಕೆಡುತ್ತದೆ. ಆದರೆ ಕುದಿ ಬರುವ ಮೊದಲೇ ಉರಿ ಸೊರಗಿತು. ಸಿಲಿಂಡರಿನ ಮೈಮೇಲೆ ಮಂಜು ಕಟ್ಟಿತ್ತು.

ಖಾನಾವಳಿಯಲ್ಲಿ ಪಂಕ್ತಿ ಕೂತಾಗ ಗ್ಯಾಸ್ ಸೊರಗಿದರೆ ನಾವು ಏನು ಮಾಡುತ್ತೇವೆಂದು ನಿಮಗೆ ಗೊತ್ತೇ ಇದೆ. ನಾನೂ ಅದನ್ನೇ ಮಾಡಿದೆ. ಎರಡು ಕೈಯಲ್ಲಿ ಹಿಡಿದು ಸಿಲಿಂಡರನ್ನು ಅಡ್ಡ ಮಲಗಿಸಿಬಿಟ್ಟೆ. ಒಳಗಿನ ದ್ರವ ಪೈಪಿಗೆ ನುಗ್ಗಿ, ಹಳದಿ ಉರಿ ಭಗ್ಗನೆ ನನ್ನೆತ್ತರ ಎದ್ದಿತು. ಕೆನ್ ಹಾರಿಬಂದು ರೆಗ್ಯುಲೇಟರ್ ಮುಚ್ಚಿದ. ಯಾರಿಗೂ ಏನೂ ಆಗಲಿಲ್ಲ. ಅವನ ಹುಬ್ಬು ಮಾತ್ರ ಅರ್ಧ ಹೋಯಿತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತುಂಬಿದ ಕಣ್ಣಲ್ಲೇ ಸಿಲಿಂಡರಿನ ಚೀಟಿ ಓದಿದೆ. ಚಳಿಯಲ್ಲಿ ಬ್ಯೂಟೇನ್ ಸರಿಯಾಗಿ ಗ್ಯಾಸಾಗುವುದಿಲ್ಲ, ಹೊರಗಿನ ಬಳಕೆಗೆ ಪ್ರೊಪೇನ್ ಎಂದು ಕಣ್ಣಿಗೆ ರಾಚುವಂತೆ ಬರೆದಿತ್ತು. ಕೆನ್‌ಗೆ ತೋರಿಸಿ, "ತಪ್ಪು ನನ್ನದು. ಬೇರೆ ಯಾರನ್ನಾದರೂ ಕರೆಸು," ಎಂದೆ.

ಅವನು ಹುಬ್ಬು ಸವರಿಕೊಂಡ. "ಬೇರೆ ಯಾರು? ಮೋರೀನಾ? ಕೆಂಪಿನದು ತರ್ತೀನಿ. ಜೋಡಿಸೋದು ನೀನೇ."

ಅವನು ಬರುವ ತನಕ ಪಾತ್ರೆಗೆ ನಮ್ಮ ಮನೆಯ ಡುವೆ, ಅಂದರೆ ಇಲ್ಲಿಯ ದಪ್ಪ ಹೊದಿಕೆ, ಹೊದಿಸಿ ಬಾಣಂತಿಯನ್ನು ಕಾಯುವಂತೆ ಕಾದೆ. ಕೆಂಪು ಸಿಲಿಂಡರಿಗೆ ರೆಗ್ಯುಲೇಟರೇ ಬೇರೆ. ಅದರ ತಿರುಪೂ ತಿರುಗುಮುರುಗು, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಸ್ಪ್ಯಾನರ್ ಹಾಕಿ ಬಿಗಿದೆ, ಸೋಪಿನ ನೀರು ಹಚ್ಚಿ ನೋಡಿದೆ, ಗುಳ್ಳೆ ಏಳಲಿಲ್ಲ. ಕೆನ್ ಪೂರ್ತಿ ನಂಬಿಕೆಯಿಂದ ಆರು ಮಾರು ದೂರದಲ್ಲಿ ನಿಂತಿದ್ದ. ಉರಿ ಎದ್ದಿತು, ಇಪ್ಪತ್ತು ನಿಮಿಷಕ್ಕೆ ಪಾತ್ರೆ ಕುದಿಯಿತು. ಅವನು ಹಾಪ್ಸ್ ಎಂಬ ಕಹಿ ಹೂವನ್ನು ಅದಕ್ಕೆ ಸುರಿದಾಗ ನಮ್ಮ ಓಣಿಯೆಲ್ಲ ಘಮ್ಮೆಂದಿತು.

ಹುಟ್ಟುಹಬ್ಬದ ದಿನ ನಲವತ್ತು ಜನರೆದುರು ಮೋರೀನ್ ನನ್ನ ಹೆಗಲ ಮೇಲೆ ಕೈ ಹಾಕಿ, "ನಮ್ಮ ಗ್ಯಾಸ್ ಇಂಜಿನಿಯರ್. ನನ್ನ ಗಂಡನ ಹುಬ್ಬು ಇವಳದೇ ಕೆಲಸ," ಎಂದಳು. ಕೆನ್‌ನ ಇಬ್ಬರು ಸ್ನೇಹಿತರು ತಮ್ಮ ಹಿತ್ತಲಿಗೂ ಬರ್ನರ್ ಆರಿಸಿಕೊಡಲು ನನ್ನನ್ನು ಕರೆದರು. ಕಿತ್ತಳೆ ರಸ ಕುಡಿದೇ ನನಗೆ ಅಮಲೇರಿತ್ತು.

ಮರುದಿನ ಭಾನುವಾರ ಊಟವಾದ ಮೇಲೆ ಹುಬ್ಬಳ್ಳಿಗೆ ಫೋನ್ ಮಾಡಿ ಒಲೆಯ ಕಥೆಯೆಲ್ಲ ಹೇಳಿದೆ. ಬೀರು ಅಂದಾಗ ದೊಡ್ಡವ್ವ ಶಿವಶಿವಾ ಎಂದಳು. ಆಮೇಲೆ, "ಉರಿ ನೀಲಿ ಇತ್ತೇನು?" ಎಂದಳು.

"ಇತ್ತ ದೊಡ್ಡವ್ವ."

"ಹಂಗಾರ ಸಾಕು ಬಿಡು. ನಿನಗ ಅಲ್ಲಿ ಹೊಂದಂಗಿಲ್ಲೇನೋ ಅಂತ ಚಿಂತಿ ಇತ್ತು ನನಗ. ಇನ್ನ ನೀ ಅಲ್ಲೇ ಚೊಲೊತ್ನಾಗ ಇರು. ಇಲ್ಲೇ ನಿನ್ನ ಒಲಿ ಮುಂದ ಹೊಸ ಹುಡುಗಿ ಬಂದಾಳ. ಭಾಳ ಚುರುಕು."

ಯುಗಾದಿಯ ಗಡುವನ್ನು ನಾನೂ ಕೈಬಿಟ್ಟಿದ್ದೆ, ನಾನು ಇಲ್ಲೇ ಉಳಿಯುವವಳಿದ್ದೆ. ಅದನ್ನು ಹೇಳಲೆಂದೇ ಫೋನ್ ಮಾಡಿದ್ದೆ. ಆದರೂ ಫೋನ್ ಇಡದೆ ಆ ಒಲೆಯ ಮಾತನ್ನೇ ಹಿಡಿದೆ.

"ದೊಡ್ಡವ್ವ, ನಡುವಿನ ಒಲಿ ಚಾವಿ ಭಾಳ ಬಿಗಿ ಅದ. ಒಂಚೂರು ಒತ್ತಿ ತಿರುಗಸು ಅಂತ ಆಕಿಗೆ ಹೇಳು," ಎಂದೆ.

"ಆಕಿಗೆ ಗೊತ್ತಾಗೇದವಾ," ಎಂದಳು ದೊಡ್ಡವ್ವ.