ಅಣ್ಣನ ಪಾಲಿನ ಶಾವಿಗೆ

ನಮ್ಮವ್ವ ಹೋಟೆಲಿನ ಮೆಟ್ಟಿಲು ಹತ್ತಿದ್ದು ಜೀವಮಾನದಲ್ಲಿ ಒಂದೇ ಸಲ, ಶಿರಾದ ಸಂತೆಯ ದಿನ, ನನ್ನ ಹಟಕ್ಕೆ. ಆ ಹಟ ಮಾಡುವ ಮೊದಲು ನನ್ನ ನಾಲಿಗೆ ಸೇದಿಹೋಗಬಾರದಿತ್ತೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಉಣ್ಣೆ ನೂತುಕೊಂಡು ನಾನು, ಅವ್ವ ಇಬ್ಬರೇ. ಅಣ್ಣ ಪಲ್ಟನ್ನಿಗೆ ಸೇರಿ ಸಿಂಗಪುರದ ಕಡೆ ಹೋಗಿದ್ದ. ಅಲ್ಲಿಂದ ಬಂದದ್ದು ಒಂದೇ ಕಾಗದ. ಊರಿನ ಮೇಷ್ಟರು ಓದಿ ಹೇಳಿದರು: ಇಲ್ಲಿನ ಅಂಗಡಿಗಳಲ್ಲಿ ಬೋಗುಣಿ ತುಂಬ ಬಾಡಿನ ಬಿಸಿ ಸಾರು ಬಿಟ್ಟು, ಅದರಲ್ಲಿ ಶಾವಿಗೆ ಮುಳುಗಿಸಿ ಕೊಡುತ್ತಾರೆ, ಎರಡು ಕಡ್ಡಿಯಲ್ಲಿ ಎತ್ತಿ ತಿನ್ನಬೇಕು, ನನ್ನ ಕೈಲಿ ಆಗುವುದಿಲ್ಲ, ಬೆರಳಲ್ಲೇ ತಿನ್ನುತ್ತೇನೆ, ಎಲ್ಲರೂ ನಗುತ್ತಾರೆ. ಅವ್ವನೂ ನಕ್ಕಳು. ಶಾವಿಗೆಗೆ ಕಾಯಿಹಾಲು ಹಾಕುವುದು ಬಿಟ್ಟು ಬಾಡಿನ ಸಾರು ಹಾಕುವವರು ಅದೆಂಥ ಜನವೋ ಎಂದು ವಾರವೆಲ್ಲ ಆಡಿಕೊಂಡಳು. ಆಮೇಲೆ ಯುದ್ಧ ಜೋರಾಯಿತು, ಕಾಗದ ನಿಂತಿತು. ಕೇಳಿದ ಕಡೆಯಲ್ಲೆಲ್ಲ ಒಂದೇ ಉತ್ತರ, ಗೊತ್ತಿಲ್ಲ. ಗೊತ್ತಿಲ್ಲ ಎಂದರೆ ಮಗ ಇದ್ದಾನೆ ಎಂದೇ ಅವ್ವ ಹಿಡಿದುಕೊಂಡಳು.

ಯುದ್ಧಕ್ಕೆ ಹೆದರಿ ರಂಗೂನಿನಿಂದ ನಡೆದು ಬಂದ ಸಾಬರೊಬ್ಬರು ಸಂತೆಮಾಳದ ಪಕ್ಕ ಹೋಟೆಲಿಟ್ಟು, ಅಂಥದೇ ಶಾವಿಗೆ ಸಾರು ಕೊಡುತ್ತಾರೆಂದು ಕೇಳಿದೆ. ಮಗ ಉಂಡದ್ದನ್ನು ತಾಯಿಯೂ ಒಂದು ಸಲ ಉಣ್ಣಲಿ ಎಂದು ಅವ್ವನನ್ನು ಕೈಹಿಡಿದು ಎಳೆದುಕೊಂಡು ಹೋದೆ.

"ಹೆಂಗಸ್ರು ಹೋಟ್ಲಾಗೆ ಕುಂತು ಉಣ್ಣೋದಾ? ಯಾರಾನ ಕಂಡ್ರೆ ಏನಂದಾರು?" ಎನ್ನುತ್ತಲೇ ಬಂದು, ಸೆರಗು ಎಳೆದುಕೊಂಡು ಬೆಂಚಿನ ತುದಿಯಲ್ಲಿ ಕೂತಳು.

ನಾನು ಮಹಾ ಜಾಣೆಯಲ್ಲವೇ, ಮೂರು ಬೋಗುಣಿ ತರಿಸಿದೆ. ನಮಗೆರಡು. ಇನ್ನೊಂದನ್ನು ಅವ್ವನ ಪಕ್ಕದ ಖಾಲಿ ಜಾಗದ ಮುಂದೆ ಇಟ್ಟು, "ಅಣ್ಣಂದು ಕಣವ್ವ. ಇಲ್ಲೇ ಕುಂತವ್ನೆ ಅಂದ್ಕೊ" ಎಂದೆ.

ಬೋಗುಣಿಗೆ ಚಾಚಿದ ಅವ್ವನ ಕೈ ಅಲ್ಲೇ ನಿಂತಿತು. ನಮ್ಮಲ್ಲಿ ಇಲ್ಲದವರ ಮುಂದೆ ಊಟ ಬಡಿಸಿಡುವುದು ವರ್ಷಕ್ಕೊಂದೇ ದಿನ, ಮಾರ್ಲಮಿಯಲ್ಲಿ, ಸತ್ತವರಿಗೆ. ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೇ ಮಾಡಿ ಎಡೆ ಇಡುತ್ತೇವೆ. ಹುಟ್ಟಿದಾಗಿನಿಂದ ನೋಡಿದವಳು ನಾನು. ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

"ನನ್ ಮಗಂಗೆ ಎಡೆ ಇಕ್ಬುಟ್ಟಲ್ಲೇ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಾಬರಿಯಿಂದ ಬೋಗುಣಿ ತೆಗೆಯಲು ಹೋದೆ. ಅವ್ವ ನನ್ನ ಕೈ ತಳ್ಳಿ, ಅದನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. "ಯಾರ್ಗೂ ಇಕ್ಕಿಲ್ಲ. ಇದು ನಂದೇಯ" ಎಂದು ಐದು ಬೆರಳನ್ನೂ ಅದ್ದಿ ತಿನ್ನತೊಡಗಿದಳು. ಸಾರು ಕುದಿಯುವಷ್ಟು ಬಿಸಿ ಇತ್ತು.

ಸಾಬರು ಒಲೆಯ ಹತ್ತಿರದಿಂದ ಎದ್ದು ಬಂದು, "ಆರಾಮಾಗಿ ತಿನ್ನಿ ಅಮ್ಮಾ, ಬಾಯಿ ಸುಡ್ತೈತೆ" ಎಂದರು. ಅವಳಿಗೆ ಕೇಳಿಸಲಿಲ್ಲ. ಕೊನೆಯ ಎಳೆಯನ್ನೂ ಬಿಡದೆ ತಿಂದು, ಸಾರು ಕುಡಿದು, ಆಮೇಲೆ ತನ್ನ ಪಾಲಿನದನ್ನೂ ಮುಗಿಸಿದಳು. ನನ್ನದು ಮುಟ್ಟದೆ ಹಾಗೇ ಆರಿಹೋಯಿತು.

ಊರು ಇನ್ನೂ ಅರ್ಧ ಹರದಾರಿ ಇರುವಾಗ, ಜಾಲಿ ಮರದ ಬುಡದಲ್ಲಿ ಕೂತು ಅಷ್ಟನ್ನೂ ಕಕ್ಕಿಬಿಟ್ಟಳು. ನಾನು ಬೆನ್ನು ಸವರುತ್ತಿದ್ದೆ.

"ನಂದೇ ಅಂತ ತಿಂದೆ, ಒಟ್ಟೇಲಿ ನಿಲ್ಲಿಲ್ಲ ಕಣೇ" ಎಂದು ಅಳುತ್ತಲೇ ಇದ್ದಳು.

"ಜಿಡ್ಡಿನ ಸಾರು ಕಣವ್ವ, ನಿಂಗೆ ಅಭ್ಯಾಸ ಇಲ್ಲ, ಅದ್ಕೆಯ" ಎಂದೆ. ಅವಳು ತಲೆಯಾಡಿಸಿದಳು, ಅಷ್ಟೇ. ನಂಬಲಿಲ್ಲ.

ಅಂದಿನಿಂದ ಅಂಚೆಯವನನ್ನು ಅಡ್ಡಹಾಕಿ ಕೇಳುವುದನ್ನು ಬಿಟ್ಟಳು. ಆ ವರ್ಷದ ಮಾರ್ಲಮಿಯಲ್ಲಿ ಅಪ್ಪನ ಎಲೆಯ ಪಕ್ಕ ಇನ್ನೊಂದು ಎಲೆ ಹಾಸಿದಳು.

ಅಣ್ಣ ಸತ್ತನೆಂದು ಇವತ್ತಿನವರೆಗೂ ನಮಗೆ ಯಾರೂ ತಿಳಿಸಿಲ್ಲ. ಅವ್ವನಿಗೆ ತಿಳಿಸಿದವಳು ನಾನೇ.