ಹೆಬ್ಬಾವಿಗೆ ಎಲೆ ಹಾಕುವುದೆಲ್ಲಿ?

ಮನೆಗೆ ಬಂದವರಿಗೆ ಎಲೆ ಹಾಕಿ ಬಡಿಸಿದ ಮೇಲೆ ನಾನು ಅವರ ಎದುರಿಗೇ ಕೂರುತ್ತೇನೆ. ಮುಖವನ್ನು ಮಾತ್ರ ಅಂಗಳದ ಕಡೆಗೆ ತಿರುಗಿಸಿಕೊಳ್ಳುತ್ತೇನೆ. ಅಂಗಳದಲ್ಲಿ ನೋಡುವಂಥದ್ದೇನೂ ಇರುವುದಿಲ್ಲ: ಒಂದು ತುಳಸಿಕಟ್ಟೆ, ಒಣಹಾಕಿದ ಕೊಬ್ಬರಿ, ಅದನ್ನು ಕಾಯುವ ನೆಪದಲ್ಲಿ ನಿದ್ದೆಹೋದ ನಾಯಿ. ಆದರೂ ಅತಿಥಿಗಳು ಕೈ ತೊಳೆಯಲು ಏಳುವವರೆಗೆ ನನ್ನ ದೃಷ್ಟಿ ಆ ನಾಯಿಯನ್ನು ಬಿಟ್ಟು ಕದಲುವುದಿಲ್ಲ. ಇದು ಓದಿದವನ ಅಹಂಕಾರವೆಂದು ಹೊಸಬರು ತಿಳಿಯಬಾರದಲ್ಲ ಎಂದು ನನ್ನ ಹೆಂಡತಿ, "ಅವರಿಗೆ ಕುತ್ತಿಗೆ ಉಳುಕಿದೆ" ಎಂದು ಹೇಳಿ ಮನೆಯ ಮಾನ ಉಳಿಸುತ್ತಾಳೆ. ಹೀಗೆ ವರ್ಷಾನುಗಟ್ಟಲೆ ಉಳುಕಿಕೊಂಡೇ ಇರುವ ಈ ಕುತ್ತಿಗೆಗೆ ಪೈವಳಿಕೆಯ ಅರ್ಧ ಊರು ಒಂದಲ್ಲ ಒಂದು ಎಣ್ಣೆಯನ್ನು ಸೂಚಿಸಿದೆ.

ಕಾರಣ ಕುತ್ತಿಗೆಯಲ್ಲಿಲ್ಲ. ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ಉಣ್ಣಲೊಲ್ಲದೆ ಬಿದ್ದಿದ್ದ ಒಂದು ಹೆಬ್ಬಾವಿನಲ್ಲಿದೆ.

ಕಥೆ ಹೇಳುವ ಮೊದಲು ಒಂದು ಎಚ್ಚರಿಕೆ. ನಾನು ಮದರಾಸಿನಲ್ಲಿ ಪ್ರಾಣಿಶಾಸ್ತ್ರ ಓದಿದವನು. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಬೇಕೆಂದು ಅಲ್ಲಿ ಕಲಿತೆ. ಕಂಡ ಕಣ್ಣನ್ನೂ ಪೂರ್ತಿ ನಂಬಬಾರದೆಂದು ಆಮೇಲೆ ನಾನೇ ಕಲಿತುಕೊಂಡೆ. ಸಾಲದ್ದಕ್ಕೆ ನಮ್ಮ ಮನೆಮಾತು ತುಳು. ಆ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ಸಾಗಿಸುವಾಗ ದಾರಿಯಲ್ಲಿ ಸ್ವಲ್ಪ ಸುಳ್ಳೂ ಗಾಡಿ ಹತ್ತಿಕೊಂಡಿರಬಹುದು. ಆದರೆ ಆಗಿನ ಹೆದರಿಕೆಯ ವಿಷಯದಲ್ಲಿ ಮಾತ್ರ ನನಗೆ ಸಂಶಯವಿಲ್ಲ. ನೆನಪು ಮೋಸ ಮಾಡಬಹುದು, ಹೆದರಿಕೆ ಮಾಡುವುದಿಲ್ಲ.

ಕಾಲೇಜು ಮುಗಿಸಿ ಊರಿಗೆ ಬಂದ ವರ್ಷ ಅದು. ಅಕ್ಕ ಬಸುರಿ. ಹಿಂದಿನ ಸಲ ಹುಟ್ಟಿದ ಮಗು ಒಮ್ಮೆಯೂ ಅಳದೆ ಹೋಗಿತ್ತು. ನಮ್ಮದು ಅಳಿಯಕಟ್ಟಿನ ಮನೆ. ಮನೆತನ ಮುಂದುವರಿಯುವುದು ಮಗಳ ಮಕ್ಕಳಿಂದ. ಅಮ್ಮನಿಗೆ ಇದ್ದ ಮಗಳು ಅಕ್ಕ ಒಬ್ಬಳೇ. ಆದ್ದರಿಂದ ಅವಳು ಕೂತರೆ, ಎದ್ದರೆ, ಸೀನಿದರೆ ಇಡೀ ಮನೆ ಉಸಿರು ಬಿಗಿಹಿಡಿಯುತ್ತಿತ್ತು. ಊಟಕ್ಕೆ ಕೂತಾಗಲಂತೂ ಅಮ್ಮ ಎದುರಿಗೆ, ಭಾವ ಬಾಗಿಲಲ್ಲಿ, ನಾನು ಕಂಬದ ಬಳಿ ನಿಂತು ಅವಳ ಕೈ ಎಲೆಯಿಂದ ಬಾಯಿಗೆ ಹೋಗುವುದನ್ನೇ ನೋಡುತ್ತಿದ್ದೆವು. ಅದು ದಿನದಿಂದ ದಿನಕ್ಕೆ ಕಡಿಮೆ ಹೋಗುತ್ತಿತ್ತು. ಬಾಯಿಗೆ ರುಚಿಯಿಲ್ಲ ಎನ್ನುತ್ತಿದ್ದಳು. ಮುಖ ಬತ್ತಿ ಕಣ್ಣು ಮಾತ್ರ ದೊಡ್ಡದಾಗುತ್ತಿತ್ತು.

ಇಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಕೋಳಿಗೂಡಿನಲ್ಲಿ ಹೆಬ್ಬಾವು ಕಂಡಿತು. ಒಂದು ಹೇಂಟೆಯನ್ನು ನುಂಗಿ, ಬಂದ ಕಿಂಡಿಯಲ್ಲಿ ಹೊರಗೆ ಹೋಗಲಾರದೆ ಬಿದ್ದುಕೊಂಡಿತ್ತು. ಉದ್ದ ಒಂದಾಳಿಗಿಂತ ಸ್ವಲ್ಪ ಹೆಚ್ಚು. ನನ್ನ ನೆನಪಿನಲ್ಲಿ ಅದು ಪ್ರತಿವರ್ಷವೂ ಬೆಳೆಯುತ್ತಾ ಬಂದಿದೆ. ನೆರೆಯವರು ದೊಣ್ಣೆ ಹಿಡಿದು ಬಂದರು. ಆದರೆ ಹೆಂಡತಿ ಬಸುರಿಯಾಗಿರುವಾಗ ಗಂಡನಾದವನು ಹಾವನ್ನು ಕೊಲ್ಲಬಾರದು, ತನ್ನ ಅಂಗಳದಲ್ಲಿ ಬೇರೆಯವರು ಕೊಲ್ಲುವುದಕ್ಕೂ ಬಿಡಬಾರದು ಎಂಬುದು ನಮ್ಮಲ್ಲಿಯ ಕಟ್ಟಳೆ. ಕೊಂದ ದೋಷ ಹುಟ್ಟುವ ಕೂಸಿಗೆ ತಗಲುತ್ತದಂತೆ. ಭಾವ ದೊಣ್ಣೆಗಳಿಗೆ ಅಡ್ಡ ನಿಂತರು. ಬೇಲಿಯಾಚೆ ಬಿಟ್ಟರೆ, ಮೊದಲೇ ಕೋಳಿ ಕಳೆದುಕೊಂಡಿದ್ದ ನೆರೆಯವರು ಅಲ್ಲೇ ಕಾಯುತ್ತಿದ್ದರು. ದೂರದ ಕಾಡಿಗೆ ಒಯ್ಯೋಣವೆಂದರೆ, ದಿನ ತುಂಬುತ್ತಿರುವ ಹೆಂಡತಿಯನ್ನು ಬಿಟ್ಟು ಭಾವ ಊರು ದಾಟಬಾರದೆಂದು ಅಮ್ಮನ ಕಟ್ಟಪ್ಪಣೆ. ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತದಿದ್ದುದಕ್ಕೆ ನಾನು ಇಂದಿಗೂ ಕೃತಜ್ಞ.

ಹೀಗೆ ಹೆರಿಗೆಯಾಗುವವರೆಗೆ ಹಾವು ನಮ್ಮಲ್ಲೇ ಇರುವುದೆಂದು ತೀರ್ಮಾನವಾಯಿತು. ಹಿಂದಿನ ಜಗಲಿಯ ಮೂಲೆಯಲ್ಲಿ ಹಳೆಯ ಪತ್ತಾಯವೊಂದಿತ್ತು, ಎಂದರೆ ಭತ್ತ ತುಂಬಿಡುವ ಹಲಸಿನ ಮರದ ಪೆಟ್ಟಿಗೆ. ಅದರೊಳಗೆ ಬೈಹುಲ್ಲು ಹಾಸಿ ಹಾವನ್ನು ಇಳಿಸಿ ಮುಚ್ಚಳದ ಮೇಲೆ ಅರೆಯುವ ಕಲ್ಲು ಹೇರಿದರು. ಅಂದಿನಿಂದ ನಾನು ಜಗಲಿಯ ಆ ತುದಿಗೆ ಹೋಗುವುದನ್ನೇ ಬಿಟ್ಟೆ. ಸತ್ತ ಹಾವನ್ನು ಕೊಯ್ದು ಅದರ ಒಳಗನ್ನೆಲ್ಲ ಹೆಸರಿಟ್ಟು ಕರೆಯಬಲ್ಲವನಾಗಿದ್ದೆ ನಿಜ; ಆದರೆ ಹಲಗೆಯ ಹಿಂದೆ ಬೈಹುಲ್ಲು ತನ್ನಷ್ಟಕ್ಕೆ ಸರಪರವೆನ್ನುವಾಗ ಯಾವ ಹೆಸರೂ ಬಾಯಿಗೆ ಬರುತ್ತಿರಲಿಲ್ಲ.

ಕೊಲ್ಲಬಾರದ ಹಾವು ಹಸಿವಿನಿಂದ ಸತ್ತರೂ ಕೊಂದಂತೆಯೇ ಅಲ್ಲವೇ? ಈ ಪ್ರಶ್ನೆಯನ್ನು ಮೊದಲು ಎತ್ತಿದವರು ಅಮ್ಮ. ಹೆಬ್ಬಾವು ತಿಂಗಳುಗಟ್ಟಲೆ ಉಪವಾಸ ಇರಬಲ್ಲದೆಂದು ನಾನು ಹೇಳಿದೆ. "ಅದು ನಿನ್ನ ಮದರಾಸಿನ ಹಾವು ಮಗಾ, ಇದು ನಮ್ಮ ಊರಿಂದು" ಎಂದರು. ಭಾವ ಇಲಿ ಹಾಕಿದರು, ಅದು ಮೂಸಲಿಲ್ಲ. ಕೋಳಿಮರಿ ಬಿಟ್ಟರು, ಮರಿ ಅದರ ಬೆನ್ನ ಮೇಲೆ ಹತ್ತಿ ಕೂತಿತು. ದಿನಗಳು ಕಳೆದವು. ಒಳಗೆ ಅಕ್ಕ ಎಲೆ ಮಡಚುತ್ತಿದ್ದಳು, ಹೊರಗೆ ಹಾವು ತಲೆ ಮಡಚುತ್ತಿತ್ತು. ಎರಡಕ್ಕೂ ಸಂಬಂಧವಿಲ್ಲವೆಂದು ನನ್ನ ವಿದ್ಯೆ ಹೇಳುತ್ತಿತ್ತು. ಆದರೂ ನಾನು ಬೆಳಿಗ್ಗೆ ಎದ್ದಕೂಡಲೇ ಮೊದಲು ಕೇಳುತ್ತಿದ್ದುದು ಹಾವು ಏನಾದರೂ ತಿಂದಿತೇ ಎಂದು.

ಆಗ ಹುಟ್ಟಿದ್ದು ನಮ್ಮ ಮನೆಯ ಮಹಾವಿವಾದ: ಹಾವಿಗೆ ಬಡಿಸಬೇಕಾದದ್ದು ಪೆಟ್ಟಿಗೆಯ ಒಳಗೋ ಹೊರಗೋ? ನಾನು ಹೊರಗಿನ ಪಕ್ಷ. ಮುಚ್ಚಳ ತೆರೆದಾಗಲೆಲ್ಲ ಆಹಾರ ಬಂದರೆ, ಮುಚ್ಚಳ ಎತ್ತುವ ಕೈಯನ್ನೇ ಅದು ಆಹಾರವೆಂದು ತಿಳಿಯುತ್ತದೆ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯಾಗಿ ಒಂದು ದಿನ ಹಾವು ಭಾವನ ಕೈಯಲ್ಲಿದ್ದ ಕೋಲಿಗೆ ಹಾರಿ ಕಚ್ಚಿಯೂ ಇತ್ತು. ಕೋಲು ಹಿಡಿದದ್ದು ಭಾವ, ಕೂಗಿದ್ದು ನಾನು. ಭಾವ ಒಳಗಿನ ಪಕ್ಷ. ಅವರೂ ನನ್ನನ್ನು ಭಾವ ಎಂದೇ ಕರೆಯುತ್ತಿದ್ದರು.

"ಉಣ್ಣುವವರನ್ನು ಎಲೆಯಿಂದ ಎಬ್ಬಿಸ್ಲಿಕ್ಕುಂಟಾ ಭಾವ? ಹೊರಗೆ ತಿಂದದ್ದನ್ನು ವಾಪಸು ಒಳಗೆ ಹಾಕುವಾಗ ಕಕ್ಕಿದರೆ ಎಂತ ಮಾಡುದು? ಮತ್ತೆ ನೀವು ಎತ್ತಿ ಹಾಕ್ತೀರಾ?"

"ನಾನು ಹೇಗೆ ಹಾಕಬೇಕೆಂದು ಹೇಳ್ತೇನೆ."

"ಹೌದು ಮಾರಾಯ್ರೇ, ಜಗಲಿಯ ಇನ್ನೊಂದು ತುದಿಯಲ್ಲಿ ನಿಂತು!"

ಒಳಗೆ ತಿನ್ನದ್ದರಿಂದ ಕೊನೆಗೆ ಹೊರಗಿನ ಸರದಿ ಬಂತು. ಅಂಗಳದಾಚೆಯ ಬಚ್ಚಲುಕೊಟ್ಟಿಗೆಗೆ ಹಾವನ್ನು ಒಯ್ದು, ಒಂದು ಕೋಳಿಯನ್ನೂ ಬಿಟ್ಟು, ಬಾಗಿಲು ಹಾಕಿ, ನಾವು ಮೂವರೂ ಸಂದಿಗೆ ಕಣ್ಣು ಹಚ್ಚಿ ನಿಂತೆವು. ಹಾವು ಹಂಡೆಯ ಹಿಂದಿನ ಕತ್ತಲೆಗೆ ಸರಿಯಿತು. ಕೋಳಿ ಹಂಡೆಯ ಅಂಚಿಗೆ ಹಾರಿ ಕೂತಿತು. ಬಹಳ ಹೊತ್ತು ಏನೂ ಆಗಲಿಲ್ಲ. ಭಾವ ಬಾಗಿಲು ತೆರೆದು ಹಂಡೆಯ ಹಿಂದೆ ಕೋಲು ಆಡಿಸಿದರು. ಕೋಲು ಗೋಡೆಗೆ ತಾಗಿತು. ಬರೀ ಗೋಡೆಗೆ.

ನೀರು ಹೋಗುವ ಕಿಂಡಿಯನ್ನು ಮುಚ್ಚಬೇಕೆಂದು ನಮಗೆ ಯಾರಿಗೂ ತೋಚಿರಲಿಲ್ಲ.

ಓದುಗರೇ, ಕಣ್ಣೆದುರಿಗಿರುವ ಹಾವು ಒಂದೇ ಕಡೆ ಇರುತ್ತದೆ. ಕಾಣೆಯಾದ ಹಾವು ಎಲ್ಲೆಡೆಯೂ ಇರುತ್ತದೆ. ತೆಂಗಿನ ಗರಿಯ ಅಡಿಯಲ್ಲಿತ್ತು, ಬಾವಿಯ ಹಗ್ಗವಾಗಿತ್ತು, ನನ್ನ ಪಂಚೆಯ ಅಂಚಾಗಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಬೇಲಿ ದಾಟಿದರೆ ನೆರೆಯವರ ದೊಣ್ಣೆ. ಮನೆ ಹೊಕ್ಕರೆ ಒಳಗೆ ಅಕ್ಕ. ಯಾವುದು ಹೆಚ್ಚು ಭಯಂಕರವೆಂದು ಅಳೆಯಲಾರದೆ ನಾವು ತೋಟಕ್ಕೆ ಓಡಿದೆವು. ಅಮ್ಮ ನಾಗನಿಗೆ ಹರಕೆ ಹೇಳುತ್ತಾ ಹಿಂದೆ ಬಂದರು. ಯಾವ ದೈವವನ್ನೂ ನಂಬದ ನಾನು ಆ ಹರಕೆಗೆ ಒಳಗೊಳಗೇ ಒಂದು ಎಳನೀರು ಸೇರಿಸಿದೆ. ಅಕ್ಕನಿಗೆ ಸುದ್ದಿ ತಿಳಿಯಬಾರದೆಂದು ಪಿಸುಮಾತಿನಲ್ಲೇ ಹುಡುಕಿದೆವು. ಬಿಸಿಲು ನೆತ್ತಿಗೇರಿತು. ಅವಳನ್ನು ಒಬ್ಬಳನ್ನೇ ಬಿಟ್ಟು ಬಂದಿದ್ದೇವೆಂದು ಹೊಳೆದದ್ದು ಆಗ.

ಓಡಿ ಬಂದಾಗ ಅಕ್ಕ ಹಿಂದಿನ ಜಗಲಿಯಲ್ಲಿ, ಪತ್ತಾಯಕ್ಕೆ ಒರಗಿ, ಕಾಲು ನೀಡಿ ಕೂತಿದ್ದಳು. ಪಕ್ಕದಲ್ಲಿ ಗಂಜಿಯ ಬಟ್ಟಲು, ಖಾಲಿ. ಉಪ್ಪಿನಕಾಯಿಯ ಮಾವಿನಮಿಡಿಗಳ ಓಟೆಗಳು ಸಾಲಾಗಿ ಬಟ್ಟಲಿನ ಅಂಚಿನಲ್ಲಿದ್ದವು. ಪತ್ತಾಯದ ಮುಚ್ಚಳವನ್ನು ನಾವು ತೆರೆದೇ ಬಿಟ್ಟಿದ್ದೆವು. ಭಾವ ಅದರೊಳಗೆ ಇಣುಕಿ ಅಲ್ಲೇ ಕಂಬವಾದರು. ಬೈಹುಲ್ಲಿನಲ್ಲಿ ಹಾವು ಸುರುಳಿ ಸುತ್ತಿ ಮಲಗಿತ್ತು. ನಡುವೆ ಹೊಟ್ಟೆ ಉಬ್ಬಿತ್ತು. ಸುತ್ತ ಒಂದಿಷ್ಟು ಕಂದು ಪುಕ್ಕ. ಮೊಟ್ಟೆಯಿಡಲು ಬೈಹುಲ್ಲು ಹುಡುಕಿ ಅಲೆಯುತ್ತಿದ್ದ ನಮ್ಮ ಕಂದು ಹೇಂಟೆ ತೆರೆದ ಪತ್ತಾಯವನ್ನು ತನಗಾಗಿಯೇ ಇಟ್ಟದ್ದೆಂದು ತಿಳಿದಿತ್ತು. ಹಾವು ತಾನಾಗಿ ಮನೆಗೆ ಮರಳಿ, ತನಗಾಗಿಯೇ ಬಡಿಸಿದ್ದೆಂದು ತಿಳಿದಿತ್ತು.

ಇಲ್ಲಿಂದ ಮುಂದೆ ನೆನಪುಗಳು ಬೇರೆಬೇರೆ ದಾರಿ ಹಿಡಿಯುತ್ತವೆ. ಅಕ್ಕ ನಿದ್ದೆಹೋಗಿದ್ದಳು, ಏನನ್ನೂ ಕಾಣಲಿಲ್ಲ ಎಂದು ಭಾವ ಹೇಳುತ್ತಿದ್ದರು. ಅವಳು ಚೀರಿದ್ದು ತೋಟಕ್ಕೆ ಕೇಳಿಸಿತೆಂದು ಅಮ್ಮ. ನನಗೆ ನೆನಪಿರುವುದು, ಅವಳು ನನ್ನ ಕಡೆ ತಿರುಗಿ ಮೆಲ್ಲಗೆ, "ಆಗಲೇ ಬಂತು. ಹೇಳಿದರೆ ನೀವೆಲ್ಲ ಬರ್ತಿದ್ದಿರಿ" ಎಂದದ್ದು. ಆದರೆ ಇದು ನಾನು ಆಮೇಲೆ ಕಟ್ಟಿಕೊಂಡದ್ದೂ ಆಗಿರಬಹುದು. ಇಷ್ಟು ಚೆನ್ನಾಗಿ ಹೊಂದುವ ಮಾತನ್ನು ಸಂಶಯಿಸುವುದು ನನ್ನ ಅಭ್ಯಾಸ. ನನ್ನ ಪರವಾಗಿರುವ ಸಾಕ್ಷಿ ಒಂದೇ, ಅದೂ ಸತ್ತುಹೋಗಿದೆ: ಆ ಹೇಂಟೆ. ಹಾವು ಹಿಡಿದಾಗ ಅದು ಒಂದು ಸಲವಾದರೂ ಕೂಗಿರಲೇಬೇಕು. ಬೆನ್ನಿಗೆ ತಾಗಿದ ಹಲಗೆಯಾಚೆಯ ಆ ಕೂಗಿಗೆ ಯಾರು ತಾನೇ ಎಚ್ಚರಗೊಳ್ಳುವುದಿಲ್ಲ? ಹಾಗಾದರೆ ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಏಳದೆ, ಕರೆಯದೆ, ಗಂಜಿ ಮುಗಿಸಿದಳು. ಹೆಬ್ಬಾವಿನ ಪಕ್ಕದಲ್ಲಿ ಇಳಿದ ಗಂಜಿ ನಮ್ಮ ಎದುರಿನಲ್ಲಿ ಇಳಿಯುತ್ತಿರಲಿಲ್ಲ! ಒಳಗೋ ಹೊರಗೋ ಎಂದು ಜಗಳವಾಡಿದ ನಾವು, ನಾವು ಎಲ್ಲಿ ನಿಂತಿದ್ದೇವೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮಗು ಹುಟ್ಟಿತು, ಹೆಣ್ಣು. ಕೋಣೆಯಾಚೆ ನಿಂತವರ ಎದೆ ಒಡೆಯುವ ಹಾಗೆ ಅತ್ತಿತು. ಭಾವ ಹಾವನ್ನು ಬುಟ್ಟಿಯಲ್ಲಿ ಹೊತ್ತು ಅಡೂರಿನ ಕಡೆಯ ಕಾಡಿಗೆ ಬಿಟ್ಟು ಬಂದರು. ಈಗ ಅಮ್ಮನೂ ಇಲ್ಲ, ಭಾವನೂ ಇಲ್ಲ. ಸೋದರ ಸೊಸೆ ಅಕ್ಕನಿಗಿಂತ ಎತ್ತರವಾಗಿದ್ದಾಳೆ.

ಮೊನ್ನೆ ಅಕ್ಕ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದಳು. ನಾನು ವಾಡಿಕೆಯಂತೆ ಅಂಗಳಕ್ಕೆ ಮುಖ ಮಾಡಿದೆ.

"ಎಂತ ತಮ್ಮಾ, ಕುತ್ತಿಗೆ ಇನ್ನೂ ಸರಿ ಆಗ್ಲಿಲ್ವಾ?"

ಇಷ್ಟು ವರ್ಷ ಕೇಳಲು ಹೆದರಿದ್ದನ್ನು ಆಗ ಕೇಳಿಯೇಬಿಟ್ಟೆ. ಆ ದಿನ ಅದು ನಿನ್ನ ಮುಂದೆಯೇ ದಾಟಿಹೋಯಿತೇ? ನೀನು ಕಂಡೆಯಾ?

ಅವಳು ಅನ್ನ ಕಲಸುತ್ತಲೇ ಹೇಳಿದಳು:

"ಕಾಲಿಗೆ ತಾಗಿಕೊಂಡೇ ಹೋಯ್ತು. ಹೆದರಿಕೆ ಆಗ್ಲಿಲ್ಲ ಅಂತ ಅಲ್ಲ. ಅದಕ್ಕೂ ಹಸಿವು, ನನಗೂ ಹಸಿವು. ಈಗ ನೀನು ಆಚೆ ನೋಡು."

ನೋಡಿದೆ. ತುಳಸಿಕಟ್ಟೆ, ಕೊಬ್ಬರಿ, ನಾಯಿ. ಬಾವಿಯ ಹಗ್ಗವನ್ನು ಯಾರೋ ಸುರುಳಿ ಮಾಡಿ ಬಿಸಿಲಿಗೆ ಹಾಕಿದ್ದರು. ಅಕ್ಕ ಉಂಡು ಮುಗಿಸುವವರೆಗೂ ನಾನು ಆ ಹಗ್ಗದ ಮೇಲಿಂದ ಕಣ್ಣು ತೆಗೆಯಲಿಲ್ಲ.